ಜಾನ್ಸನ್ನನ 1865ರ ನಕ್ಷೆ: ಲಡಾಖಿನ ಈಶಾನ್ಯ ಮೂಲೆಯಲ್ಲಿ ಯಾವ ಗೆರೆಯನ್ನು ಎಷ್ಟು ನಂಬಬಹುದು?

ಹಳೆಹಾಳೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಭೂಗೋಳ ವಿಭಾಗದ ಪ್ರದರ್ಶನಕ್ಕೆಂದು ಹಳೆಯ ಸ್ಥಳಾಕೃತಿ ನಕ್ಷೆಗಳನ್ನು ಕೂಡಿಹಾಕುತ್ತಿದ್ದೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ಲಡಾಖಿನ ಈಶಾನ್ಯ ಮೂಲೆಯದು. ಬ್ರಿಟಿಷರು ಭಾರತವನ್ನು ತ್ರಿಕೋನಗಳ ಸರಪಣಿಯಿಂದ ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಸಹಾಯಕನಾಗಿದ್ದ ಡಬ್ಲ್ಯೂ. ಎಚ್. ಜಾನ್ಸನ್ 1865ರಲ್ಲಿ ಲೇಹ್‌ನಿಂದ ಹೊರಟು, ಚಾಂಗ್ ಚೆನ್ಮೊ ಕಣಿವೆಯನ್ನು ಹಾದು, ಲಿಂಗ್ಜಿತಾಂಗ್ ಮತ್ತು ಅಕ್ಸಾಯ್ ಚಿನ್ ಬಯಲುಗಳನ್ನು ದಾಟಿ, ಕುನ್ಲುನ್ ಪರ್ವತಗಳಾಚೆಗಿನ ಖೋತಾನಿನ ರಾಜಧಾನಿ ಇಲ್ಚಿಯವರೆಗೆ ಹೋಗಿ ಬಂದ ಸಂಗತಿ ಇಲ್ಲಿ ಹಲವರಿಗೆ ಗೊತ್ತಿರುತ್ತದೆ. ಅವನ ವರದಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1867ರಲ್ಲಿ ಪ್ರಕಟವಾಯಿತು. ನನ್ನ ಕೈಗೆ ಸಿಕ್ಕಿರುವುದು ಅವನ ಕೆಲಸವನ್ನು ಆಧರಿಸಿ ಆ ದಶಕದಲ್ಲೇ ಅಚ್ಚಾದ ನಕ್ಷೆಯೊಂದರ ಸ್ಕ್ಯಾನ್ ಪ್ರತಿ.

ಇದನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಹೊರಟಾಗ ತೊಡಕು ಶುರುವಾಯಿತು. ನಕ್ಷೆಯಲ್ಲೇ ಅಚ್ಚಾಗಿರುವ ಅಕ್ಷಾಂಶ ರೇಖಾಂಶಗಳ ಚೌಕಗಳನ್ನು ಆಧಾರವಾಗಿಟ್ಟುಕೊಂಡರೆ ಲೇಹ್ ಪಟ್ಟಣ, ಪಾಂಗೊಂಗ್ ಸರೋವರದ ಪಶ್ಚಿಮದ ತುದಿ, ಸುತ್ತಲಿನ ಶಿಖರಗಳು ಎಲ್ಲವೂ ಪೂರ್ವಕ್ಕೆ ಸರಿಸುಮಾರು ನಾಲ್ಕು ಕಿಲೋಮೀಟರು ಸರಿದು ಬೀಳುತ್ತವೆ. ಅಷ್ಟನ್ನು ಹಿಂದಕ್ಕೆ ಎಳೆದರೆ ದಕ್ಷಿಣದ ಭಾಗ ಚೆನ್ನಾಗಿಯೇ ಹೊಂದುತ್ತದೆ. ಚಾಂಗ್ ಚೆನ್ಮೊದ ಉತ್ತರಕ್ಕೆ ಹೋದ ಮೇಲೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಒಂದೊಂದು ಜಾಗ ಒಂದೊಂದು ದಿಕ್ಕಿಗೆ ಸರಿಯುತ್ತದೆ. ಇದರ ಕಾರಣವೇನು ಎಂಬುದು ಮೊದಲ ಪ್ರಶ್ನೆ. ಜಮ್ಮು ಮತ್ತು ಕಾಶ್ಮೀರದ ಮಹಾರಾಜರ ಸೀಮೆಯೆಂದು ಬಣ್ಣದಲ್ಲಿ ತೋರಿಸಿದ ಗೆರೆ ಕುನ್ಲುನ್‌ವರೆಗೆ ಹೋಗಿ ಕಾರಕಾಶ್ ಕಣಿವೆಯ ಶಾಹಿದುಲ್ಲಾ ಎಂಬ ಜಾಗವನ್ನೂ ಒಳಗೆ ಸೇರಿಸಿಕೊಂಡಿದೆಯಲ್ಲ, ಅದನ್ನು ಸರ್ವೆಯ ಫಲಿತಾಂಶವೆಂದು ಪ್ರದರ್ಶನದ ಫಲಕದಲ್ಲಿ ಬರೆಯಬಹುದೇ ಎಂಬುದು ಎರಡನೆಯದು. ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ನಿರ್ವಾಹಕ

ಚರ್ಚೆ ಬೆಳೆಯುವ ಮೊದಲೇ ಒಂದು ಸೂಚನೆ. ಭಾರತದ ಬಾಹ್ಯ ಗಡಿಯನ್ನು ಸರ್ವೆ ಆಫ್ ಇಂಡಿಯಾದ ನಕ್ಷೆಗಳಿಗೆ ಹೊಂದದಂತೆ ತೋರಿಸುವ ನಕ್ಷೆಯನ್ನು ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ನೀವೇ ಹೊಸದಾಗಿ ಗಡಿ ಎಳೆದು ತಯಾರಿಸಿದ ಚಿತ್ರಗಳನ್ನು ಇಲ್ಲಿ ಹಾಕಬೇಡಿ. ಹತ್ತೊಂಬತ್ತನೆಯ ಶತಮಾನದ ನಕ್ಷೆ ಹೇಗೆ ತಯಾರಾಯಿತು ಎಂಬ ವಿಷಯಕ್ಕೆ ಅಂಟಿಕೊಂಡರೆ ಚರ್ಚೆ ಎಷ್ಟು ಉದ್ದವಾದರೂ ಅಡ್ಡಿಯಿಲ್ಲ. ಇಂದಿನ ಸೇನೆಯ ಸುದ್ದಿಗೆ ಬೇರೆ ಎಳೆ ಇದೆ.

ಸರಪಳಿಗುಂಟೆ

ಹಳೆಹಾಳೆಯವರೇ, ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ನಿಮ್ಮ ನಾಲ್ಕು ಕಿಲೋಮೀಟರನ್ನು ಕಂಡು ನನಗೆ ಖುಷಿಯೇ ಆಯಿತು. ಅದು ಜಾನ್ಸನ್ನನ ತಪ್ಪಲ್ಲ, ನಿಮ್ಮದೂ ಅಲ್ಲ. ಅದರ ಮೂಲ ಮದರಾಸಿನಲ್ಲಿದೆ.

ಮಹಾ ತ್ರಿಕೋನಮಿತಿ ಸರ್ವೆಯ ರೇಖಾಂಶಗಳೆಲ್ಲ ಮದರಾಸಿನ ವೀಕ್ಷಣಾಲಯದಿಂದ ಎಣಿಕೆಯಾದವು. ಗ್ರೀನಿಚ್‌ನಿಂದ ಮದರಾಸು ಎಷ್ಟು ದೂರವೆಂದು ಆಗ ತಿಳಿಯಬೇಕಾದರೆ ಗುರು ಗ್ರಹದ ಉಪಗ್ರಹಗಳ ಗ್ರಹಣ, ಚಂದ್ರನ ಸ್ಥಾನ ಇಂಥವನ್ನು ನೋಡಿ ಕಾಲವನ್ನು ಹೋಲಿಸಬೇಕಿತ್ತು. ಹಾಗೆ ಸಿಕ್ಕಿ ಬಹುಕಾಲ ಬಳಕೆಯಲ್ಲಿದ್ದ ಬೆಲೆ 80 ಡಿಗ್ರಿ 17 ನಿಮಿಷ 21 ಸೆಕೆಂಡು. 1890ರ ದಶಕದಲ್ಲಿ ತಂತಿಯ ಮೂಲಕ ಗಡಿಯಾರಗಳನ್ನು ಹೋಲಿಸಿ ನೋಡಿದಾಗ ಆ ಅಂಕಿ ಸುಮಾರು ಎರಡೂವರೆ ನಿಮಿಷ ಹೆಚ್ಚಾಗಿದೆ ಎಂಬುದು ಖಚಿತವಾಯಿತು. ಅದಕ್ಕೂ ಮೊದಲಿನ ಭಾರತದ ನಕ್ಷೆಗಳಲ್ಲಿ ಪ್ರತಿಯೊಂದು ಊರಿನ ರೇಖಾಂಶವೂ ನಿಜಕ್ಕಿಂತ ಅಷ್ಟು ಜಾಸ್ತಿ ಇರುತ್ತದೆ. ಲಡಾಖಿನ 35 ಡಿಗ್ರಿ ಅಕ್ಷಾಂಶದಲ್ಲಿ ಒಂದು ನಿಮಿಷ ರೇಖಾಂಶವೆಂದರೆ ಒಂದೂವರೆ ಕಿಲೋಮೀಟರು ಎಂದು ಹಿಡಿಯಿರಿ, ಎರಡೂವರೆ ನಿಮಿಷಕ್ಕೆ ಸುಮಾರು 3.8 ಕಿಲೋಮೀಟರು. ನಿಮ್ಮ ಲೆಕ್ಕ ಸರಿಯಾಗಿದೆ. ಭೂಮಿಯ ಆಕಾರವೆಂದು ಆಗಿನ ಲೆಕ್ಕಕ್ಕೆ ಹಿಡಿದಿದ್ದ ಎವರೆಸ್ಟ್ ಗೋಳಾಭಕ್ಕೂ ಈಗಿನ ಜಿಪಿಎಸ್ ಬಳಸುವ ಗೋಳಾಭಕ್ಕೂ ಇರುವ ಅಂತರದಿಂದ ಇನ್ನು ಕೆಲವು ನೂರು ಮೀಟರುಗಳ ಸರಿತ ಬರುತ್ತದೆ. ನಿಮ್ಮ ನಕ್ಷೆಯ ಅಳತೆಗೆ ಅದು ಪೆನ್ಸಿಲ್ ಗೀರಿನ ದಪ್ಪದೊಳಗೆ ಮುಚ್ಚಿಹೋಗುತ್ತದೆ, ಬಿಟ್ಟುಬಿಡಿ.

ದಕ್ಷಿಣದ ಭಾಗ ಒಂದೇ ಸಮನೆ ಸರಿಯುತ್ತದೆ ಎಂಬುದೇ ಆ ಕೆಲಸದ ಗಟ್ಟಿತನಕ್ಕೆ ಸಾಕ್ಷಿ. ಎಲ್ಲ ಬಿಂದುಗಳೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ, ಹೆಣಿಗೆ ಇಡಿಯಾಗಿ ಪಕ್ಕಕ್ಕೆ ಜರುಗಿದೆ, ಅಷ್ಟೆ. ಈ ಸರ್ವೆಗೆ ಅಡಿಪಾಯ ಹಾಕಿದ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಪ್ರಯೋಗವಾಗಿ ಆಧಾರ ರೇಖೆಯನ್ನು (ತ್ರಿಕೋನದ ಮೊದಲ ಬಾಹುವಾಗಿ ನೆಲದ ಮೇಲೆ ನೇರವಾಗಿ ಅಳೆಯುವ ಗೆರೆ) ಅಳೆದದ್ದು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಹತ್ತಿರ ಅಧಿಕೃತವಾಗಿ ಆರಂಭಿಸಿದ್ದು, 1804ರಲ್ಲಿ ತಾಳೆ ನೋಡಲು ಮತ್ತೆ ಬೆಂಗಳೂರಿಗೆ ಬಂದದ್ದು, 1815ರಲ್ಲಿ ಬೀದರಿನ ಬಳಿ ಇನ್ನೊಂದು ರೇಖೆಯನ್ನು ಅಳೆದದ್ದು, ಇವೆಲ್ಲ ಒಂದರ ಮೇಲೊಂದು ಕಟ್ಟಿಕೊಂಡು ಹೋದ ತ್ರಿಕೋನಗಳು. ಆ ಸರಪಣಿ ಡೆಹ್ರಾಡೂನನ್ನು ಮುಟ್ಟಿ, ಅಲ್ಲಿಂದ ಪಂಜಾಬಿನ ಮೂಲಕ ಕಾಶ್ಮೀರಕ್ಕೆ ಹಬ್ಬಿ, 1855ರಿಂದ 1864ರವರೆಗೆ ಕಾಶ್ಮೀರ ಸರ್ವೆಯ ಮುಖ್ಯಸ್ಥ ಮಾಂಟ್ಗಮರಿಯ ಕೈಕೆಳಗೆ ಲಡಾಖನ್ನು ಆವರಿಸಿತು. ಪಾಂಗೊಂಗಿನ ಶಿಖರವೊಂದರ ರೇಖಾಂಶದಲ್ಲಿ ಮದರಾಸಿನ ಎರಡೂವರೆ ನಿಮಿಷ ಬಂದು ಕುಳಿತಿರುವುದು ಹೀಗೆ.

ಬೆಳವಲ

ಸರಪಳಿಗುಂಟೆ ಸರ್, ಬಹಳ ಚೆನ್ನಾಗಿ ವಿವರಿಸಿದ್ದೀರಿ. ಬೆಂಗಳೂರಿನ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಇದೇ ಸರ್ವೆಯ 1868ರ ಗೋಪುರವೊಂದಿತ್ತು, 2024ರಲ್ಲಿ ಅದು ನೆಲಸಮವಾಯಿತು. ಅದನ್ನು ನೋಡಿದ್ದರೂ ಅದಕ್ಕೂ ಲಡಾಖಿಗೂ ಕೊಂಡಿ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಉತ್ತರದ ಭಾಗ ಏಕೆ ಹೊಂದುವುದಿಲ್ಲ ಎಂಬುದನ್ನೂ ದಯವಿಟ್ಟು ಬಿಡಿಸಿ ಹೇಳಿ. ಆಸಾಮಿ ಅದೇ ಜಾನ್ಸನ್ ತಾನೆ? ಮಾಂಟ್ಗಮರಿಯ ತಂಡದಲ್ಲಿ ಇಪ್ಪತ್ತು ಸಾವಿರ ಅಡಿ ಮೀರಿದ ಎತ್ತರದಲ್ಲೂ ಸರ್ವೆ ಠಾಣೆ ಹೂಡಿದವನು ಅವನೇ ಎಂದು ಓದಿದ ನೆನಪು. ಅಂಥ ನುರಿತವನ ಕೆಲಸ ಏಕಾಏಕಿ ಹೇಗೆ ಸಡಿಲವಾಗುತ್ತದೆ?

ಸರಪಳಿಗುಂಟೆ

ಕೈ ಅದೇ, ಕೆಲಸದ ಕ್ರಮ ಬೇರೆ. ಕಾಶ್ಮೀರದ ಸರ್ವೆಯಲ್ಲಿ ಮೊದಲು ಒಂದು ತಂಡ ಶಿಖರಗಳನ್ನು ಹತ್ತಿ, ಥಿಯೋಡೊಲೈಟ್ ಎಂಬ ಕೋನಮಾಪಕದಿಂದ ಸುತ್ತಲಿನ ಶಿಖರಗಳ ಕೋನಗಳನ್ನು ಅಳೆದು, ಒಂದೇ ಶಿಖರವನ್ನು ಮೂರು ನಾಲ್ಕು ಠಾಣೆಗಳಿಂದ ನೋಡಿ ಅದರ ಜಾಗವನ್ನೂ ಎತ್ತರವನ್ನೂ ಲೆಕ್ಕಹಾಕುತ್ತಿತ್ತು. ಹರಮುಖ್ ಬೆಟ್ಟದ ಠಾಣೆಯಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿ ಕಂಡ ಎರಡು ಶಿಖರಗಳಿಗೆ ಮಾಂಟ್ಗಮರಿ 1856ರಲ್ಲಿ ಕೆ1, ಕೆ2 ಎಂದು ಗುರುತು ಹಾಕಿದ್ದು ಇಂಥ ಕೆಲಸದಲ್ಲೇ. ಹೀಗೆ ನಿಂತ ಬಿಂದುಗಳನ್ನು ಖಾಲಿ ಹಾಳೆಯ ಮೇಲೆ ಗುರುತಿಸಿ, ಪ್ಲೇನ್ ಟೇಬಲ್ ಎಂಬ ಮುಕ್ಕಾಲಿನ ಮೇಲಿನ ನಕ್ಷೆ ಹಲಗೆಗೆ ಅಂಟಿಸಿ, ಇನ್ನೊಂದು ತಂಡ ಕಣಿವೆಗಳಲ್ಲಿ ನಡೆಯುತ್ತ ನದಿ, ಹಳ್ಳಿ, ಕಣಿವೆದಾರಿಗಳನ್ನು ತುಂಬುತ್ತಿತ್ತು. ತುಂಬುವವನು ಎಲ್ಲೇ ನಿಂತರೂ ಗೊತ್ತಿರುವ ಮೂರು ಶಿಖರಗಳು ಕಂಡರೆ ತಾನು ನಿಂತ ಜಾಗವನ್ನು ಹಾಳೆಯ ಮೇಲೆ ಹಿಡಿಯಬಹುದು. ತಪ್ಪು ಒಂದು ಕಣಿವೆಯಲ್ಲಿ ನುಸುಳಿದರೂ ಮುಂದಿನ ಕಣಿವೆಗೆ ಹರಿಯುವುದಿಲ್ಲ.

1865ರಲ್ಲಿ ಜಾನ್ಸನ್ ಚಾಂಗ್ ಚೆನ್ಮೊವನ್ನು ದಾಟಿ ಹೋದದ್ದು ದಾರಿ ಅಳೆಯುವವನಾಗಿ. ಹಿಂದೆ ಹೆಣೆದ ಶಿಖರಗಳು ಕಾಣುವವರೆಗೆ ಅವುಗಳ ಆಸರೆ ಇತ್ತು. ಕುನ್ಲುನ್‌ನಲ್ಲಿ ದೂರದಿಂದ ಗುರುತಿಸಿದ್ದ ಕೆಲವು ಶಿಖರಗಳೂ ಇದ್ದವು. ಅವುಗಳ ನಡುವಿನ ವಿಸ್ತಾರವಾದ ಬಯಲಿನಲ್ಲಿ ಮಾತ್ರ ನಡೆದ ಹೊತ್ತು, ದಿಕ್ಸೂಚಿ, ಸೂರ್ಯ ಮತ್ತು ನಕ್ಷತ್ರ ನೋಡಿ ತೆಗೆದ ಅಕ್ಷಾಂಶ ಇಷ್ಟರಲ್ಲೇ ಕೆಲಸ ಸಾಗಬೇಕು. ಅಕ್ಷಾಂಶ ಸಾಕಷ್ಟು ನೆಟ್ಟಗೆ ಸಿಗುತ್ತದೆ, ರೇಖಾಂಶ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಹಾಳೆಯಲ್ಲಿ ಉತ್ತರದ ಜಾಗಗಳು ಮೇಲೆ ಕೆಳಗೆ ಎಷ್ಟು ಸರಿಯುತ್ತವೆ, ಎಡಕ್ಕೆ ಬಲಕ್ಕೆ ಎಷ್ಟು ಸರಿಯುತ್ತವೆ ಎಂಬುದನ್ನು ಬೇರೆ ಬೇರೆಯಾಗಿ ಅಳೆದು ನೋಡಿ, ಹಳೆಹಾಳೆಯವರೇ.

ಇನ್ನೊಂದು ಮಾತು. ಅವನು ನಡೆದ ದಾರಿಯ ಎರಡೂ ಮಗ್ಗುಲಲ್ಲಿ ಕಣ್ಣಿಗೆ ಕಂಡಷ್ಟು ಪಟ್ಟಿ ಮಾತ್ರ ಕಂಡು ಬರೆದದ್ದು. ಅದರಾಚೆಗಿನ ಬೆಟ್ಟಗಳನ್ನು ಅಚ್ಚಿನ ಮನೆಯ ಕೆತ್ತನೆಗಾರ ಅದೇ ಬಗೆಯ ಇಳಿಜಾರಿನ ಗೀರುಗಳಿಂದ ತುಂಬಿರುತ್ತಾನೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಾಗಿದ್ದರೆ ಅಳೆಯದ ಕಡೆ ಎಳೆಯಲು ಕೈ ಅಳುಕುತ್ತದೆ. ಗೀರುಗಳಿಗೆ ಅಂಥ ಅಳುಕಿಲ್ಲ, ನೋಡಿದ ಬೆಟ್ಟವೂ ಊಹಿಸಿದ ಬೆಟ್ಟವೂ ಒಂದೇ ತೆರನಾಗಿ ಕಾಣುತ್ತವೆ.

ಶಿಲಾಸ್ತರ

ಭೂವಿಜ್ಞಾನದ ಕಡೆಯಿಂದ ಎರಡು ಮಾತು ಸೇರಿಸಲು ಅಪ್ಪಣೆ ಕೊಡಿ, ಏಕೆಂದರೆ ಈ ನಕ್ಷೆಯ ಗೋಜಲಿಗೆ ಅರ್ಧ ಕಾರಣ ಆ ನೆಲವೇ.

ಹಿಮಾಲಯವೂ ಕಾರಕೋರಂ ಶ್ರೇಣಿಯೂ ಮುಂಗಾರಿನ ತೇವವನ್ನು ತಡೆದು ನಿಲ್ಲಿಸುವುದರಿಂದ ಸಮುದ್ರಮಟ್ಟದಿಂದ ಸುಮಾರು 5000 ಮೀಟರು ಎತ್ತರದ ಈ ಪ್ರಸ್ಥಭೂಮಿ ಶುದ್ಧ ಮರುಭೂಮಿ. ಮರವಿಲ್ಲ, ಉರುವಲಿಗೆ ಬುರ್ತ್ಸೆ ಎಂಬ ಗಿಡ್ಡ ಪೊದೆಯ ಬೇರೇ ಗತಿ. ನೀರು ಸಿಕ್ಕ ಕಡೆಯೂ ಬಹಳಷ್ಟು ಸಲ ಉಪ್ಪುಪ್ಪು. ಬಯಲಿನ ಮೇಲೆ ಬಿಸಿಲ್ಗುದುರೆ ಆಡುತ್ತದೆ. ಅಂಥ ಗಾಳಿಯಲ್ಲಿ ದೂರದ ಗುಡ್ಡದ ಬುಡ ಎಲ್ಲಿದೆ ಎಂದು ದೂರದರ್ಶಕದಲ್ಲಿ ಹಿಡಿಯುವುದು ಸುಲಭವಲ್ಲ.

ಇದಕ್ಕಿಂತ ಮುಖ್ಯವಾದದ್ದು ನೀರಿನ ಹರಿವು. ಪಶ್ಚಿಮದಲ್ಲಿ, ಅಂದರೆ ಕಾರಕೋರಂ ಕಣಿವೆದಾರಿಯ ಬಳಿ, ನೀರ್ಹಂಚು ಸ್ಪಷ್ಟವಾಗಿದೆ. ದಕ್ಷಿಣಕ್ಕೆ ಬಿದ್ದ ನೀರು ಶ್ಯೋಕ್ ನದಿಯ ಮೂಲಕ ಸಿಂಧೂ ನದಿಗೆ ಸೇರುತ್ತದೆ, ಉತ್ತರಕ್ಕೆ ಬಿದ್ದದ್ದು ಯಾರ್ಕಂದ್ ನದಿಯ ಮೂಲಕ ತಾರಿಮ್ ಜಲಾನಯನಕ್ಕೆ ಹೋಗುತ್ತದೆ. ಪೂರ್ವಕ್ಕೆ ಸಾಗಿದಂತೆ ಈ ಒಂದು ಏಣು ಎರಡಾಗಿ ಒಡೆಯುತ್ತದೆ. ದಕ್ಷಿಣದ್ದು ಚಾಂಗ್ ಚೆನ್ಮೊದ ಉತ್ತರಕ್ಕೆ, ಉತ್ತರದ್ದು ಕುನ್ಲುನ್ ಆಗಿ. ಇವೆರಡರ ನಡುವೆ ಲಿಂಗ್ಜಿತಾಂಗ್ ಮತ್ತು ಅಕ್ಸಾಯ್ ಚಿನ್ ಬಯಲುಗಳು ಎರಡು ಏರಿಗಳ ನಡುವೆ ಸಿಕ್ಕಿಕೊಂಡ ಕೆರೆಯಂಗಳದಂತೆ ಮಲಗಿವೆ. ಕಾರಕಾಶ್ ನದಿ ಮಾತ್ರ ಒಂದು ಮೂಲೆಯ ನೀರನ್ನು ಉತ್ತರಕ್ಕೆ ಒಯ್ಯುತ್ತದೆ. ಉಳಿದ ನೀರಿನ ಬಹುಪಾಲು ಎತ್ತಲೂ ಹೊರಬೀಳದೆ ಉಪ್ಪಿನ ಸರೋವರಗಳಲ್ಲಿ ಇಂಗಿ ಆವಿಯಾಗುತ್ತದೆ. ನೀರ್ಹಂಚನ್ನೇ ಗಡಿ ಮಾಡಬೇಕೆಂಬುದು ಆ ಕಾಲದ ಬ್ರಿಟಿಷ್ ಅಧಿಕಾರಿಗಳ ಇಷ್ಟದ ಸೂತ್ರ. ಎರಡು ನೀರ್ಹಂಚುಗಳಿರುವ ನೆಲದಲ್ಲಿ ಆ ಸೂತ್ರ ಎರಡು ಉತ್ತರ ಕೊಡುತ್ತದೆ, ಎರಡೂ ಅದರ ಮಟ್ಟಿಗೆ ಸರಿ.

ಹಳೆಹಾಳೆಯವರಿಗೆ ಒಂದು ಎಚ್ಚರಿಕೆ ಕೂಡ. ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಉತ್ತರದ ಉಪ್ಪಿನ ಸರೋವರಗಳ ದಂಡೆಯನ್ನು ಆಧಾರ ಬಿಂದುವಾಗಿ ಬಳಸಬೇಡಿ. ಟಿಬೆಟ್ ಪ್ರಸ್ಥಭೂಮಿಯ ಮುಚ್ಚಿದ ಸರೋವರಗಳಲ್ಲಿ ಬಹಳಷ್ಟು ಇತ್ತೀಚಿನ ದಶಕಗಳಲ್ಲಿ ಹಿಗ್ಗಿವೆ. ದಂಡೆಯ ಇಳಿಜಾರು ತೀರ ಕಡಿಮೆ ಇರುವುದರಿಂದ ನೀರು ಮೊಳದಷ್ಟು ಏರಿದರೂ ಅಂಚು ಎಷ್ಟೋ ದೂರ ಸರಿಯುತ್ತದೆ. ನದಿಗಳ ಕೂಡಲು ಮತ್ತು ಬಂಡೆಯ ಏಣುಗಳನ್ನು ನಂಬಿ.

ಹಳೆಹಾಳೆ

ಸರೋವರದ ಮಾತು ನನಗೆ ಹೊಳೆದೇ ಇರಲಿಲ್ಲ, ಶಿಲಾಸ್ತರ ಅವರೇ, ಧನ್ಯವಾದಗಳು. ಸರಪಳಿಗುಂಟೆಯವರು ಹೇಳಿದಂತೆ ಅಳೆದು ನೋಡಿದೆ. ಕಾರಕಾಶ್ ಕಣಿವೆಯಲ್ಲಿ ಉತ್ತರ–ದಕ್ಷಿಣದ ಸರಿತ ಸಣ್ಣದು, ಪೂರ್ವ–ಪಶ್ಚಿಮದ್ದೇ ದೊಡ್ಡದು. ಎತ್ತರಗಳ ವಿಚಾರವನ್ನು ಕೇಳುವುದು ಮರೆತಿದ್ದೆ. ಬಯಲಿನ ಉದ್ದಕ್ಕೂ ಅಲ್ಲಲ್ಲಿ ಅಡಿಗಳಲ್ಲಿ ಎತ್ತರ ಬರೆದಿದೆ. ಸುತ್ತ ತ್ರಿಕೋನಗಳ ಹೆಣಿಗೆಯೇ ಇಲ್ಲದ ಕಡೆ ಅದು ಹೇಗೆ ಸಿಕ್ಕಿತು?

ಸರಪಳಿಗುಂಟೆ

ನೀರು ಕುದಿಸಿ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 212 ಡಿಗ್ರಿ ಫ್ಯಾರನ್‌ಹೀಟ್ ಇರುವುದು 17,000 ಅಡಿಯಲ್ಲಿ ಸುಮಾರು 182ಕ್ಕೆ ಇಳಿಯುತ್ತದೆ. ಬಿಡಾರ ಹೂಡಿದ ಕಡೆ ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಹಬೆಯಲ್ಲಿ ಸೂಕ್ಷ್ಮವಾದ ಉಷ್ಣಮಾಪಕವನ್ನು ಇಳಿಬಿಟ್ಟು, ಓದಿದ ಅಂಕಿಯನ್ನು ಕೋಷ್ಟಕಕ್ಕೆ ಹಾಕಿದರೆ ಎತ್ತರ ಸಿಗುತ್ತದೆ. ಒಂದು ಡಿಗ್ರಿಗೆ ಹೆಚ್ಚುಕಡಿಮೆ 550 ಅಡಿ ಎಂದರೆ, ಹತ್ತನೇ ಒಂದು ಡಿಗ್ರಿ ತಪ್ಪಿ ಓದಿದರೂ ಐವತ್ತು ಅಡಿ ಹೆಚ್ಚುಕಡಿಮೆ. ಅದರ ಜೊತೆಗೆ ಹವೆ ಕೆಟ್ಟು ಒತ್ತಡ ಬಿದ್ದ ದಿನ ನೆಲವೇ ಮೇಲೆದ್ದಂತೆ ಲೆಕ್ಕ ಬರುತ್ತದೆ. ಬಯಲಿನ ಅಂಕಿಗಳನ್ನು ನೂರಿನ್ನೂರು ಅಡಿಗಳ ಸಡಿಲಿಕೆಯೊಂದಿಗೆ ಓದಿಕೊಳ್ಳಿ. ದೂರದ ಶಿಖರಗಳ ಅಂಕಿಗಳು ಕೋನ ಅಳೆದು ಬಂದವು, ಅವಕ್ಕೆ ಬೇರೆ ಬಗೆಯ ತಪ್ಪುಗಳಿವೆ. ಒಂದೇ ಹಾಳೆಯಲ್ಲಿ ಒಂದೇ ಅಚ್ಚಿನ ಅಕ್ಷರದಲ್ಲಿ ಎರಡನ್ನೂ ಹಾಕಿರುವುದರಿಂದ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ತುಂಗಾತೀರ

ಚರ್ಚೆ ಅಳತೆಯಲ್ಲೇ ನಿಂತಿದೆ, ಗಡಿಯ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ, ನನ್ನ ಅಭಿಪ್ರಾಯವನ್ನು ಮುಂದಿಡುತ್ತೇನೆ.

ಜಾನ್ಸನ್ನನ ಗೆರೆಯನ್ನು ಕುರಿತು, ಅವನು ಮಹಾರಾಜರನ್ನು ಮೆಚ್ಚಿಸಲು ಎಳೆದದ್ದು ಎಂದು ತಳ್ಳಿಹಾಕುವ ರೂಢಿಯೊಂದಿದೆ. ಖೋತಾನಿನಿಂದ ಮರಳಿದ ಮೇಲೆ, ಅಪ್ಪಣೆಯಿಲ್ಲದೆ ಗಡಿ ದಾಟಿದ್ದಕ್ಕಾಗಿ ಸರ್ಕಾರ ಅವನಿಗೆ ಛೀಮಾರಿ ಹಾಕಿತು, ಅವನು ಕೆಲಸ ಬಿಟ್ಟು ಮಹಾರಾಜ ರಣಬೀರ್ ಸಿಂಗರ ಸೇವೆಗೆ ಸೇರಿ ಲಡಾಖಿನ ಆಡಳಿತಾಧಿಕಾರಿಯಾದ. ಈ ಸರಣಿಯನ್ನು ಹಿಂದುಮುಂದಾಗಿ ಓದಿ, ಮುಂದೆ ಸಿಗಲಿದ್ದ ನೌಕರಿಗಾಗಿ ಮೊದಲೇ ಗೆರೆ ಎಳೆದ ಎನ್ನುವುದು ನನಗೆ ಸರಿಕಾಣುವುದಿಲ್ಲ. ಆ ಗೆರೆಗೆ ನೆಲದ ಮೇಲೆ ಆಧಾರವಿತ್ತು. ಖೋತಾನ್, ಯಾರ್ಕಂದ್ ಕಡೆ ಚೀನೀ ಆಡಳಿತದ ವಿರುದ್ಧ ದಂಗೆಯೆದ್ದ ಕಾಲದಲ್ಲಿ ಮಹಾರಾಜರ ಸೈನಿಕರು ಶಾಹಿದುಲ್ಲಾದಲ್ಲಿ ಸಣ್ಣ ಕೋಟೆ ಕಟ್ಟಿ ಠಾಣ್ಯ ಇಟ್ಟಿದ್ದರು. ಜಾನ್ಸನ್ ಹೋದಾಗ ಖೋತಾನನ್ನು ಆಳುತ್ತಿದ್ದವನು ಹಾಜಿ ಹಬೀಬುಲ್ಲಾ ಖಾನ್, ಚೀನೀ ಅಧಿಕಾರಿಗಳು ಅಲ್ಲಿರಲಿಲ್ಲ. ಕುನ್ಲುನ್‌ನ ದಕ್ಷಿಣಕ್ಕೆ ಲೇಹ್‌ನ ಅಧಿಕಾರ, ಉತ್ತರಕ್ಕೆ ಖೋತಾನಿನ ಖಾನನ ಅಧಿಕಾರ ಎಂದು ಆ ವರ್ಷ ಆ ದಾರಿಯಲ್ಲಿ ನಡೆದವನಿಗೆ ತೋರಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಮುಂದೆ 1870ರಲ್ಲಿ ಮಹಾರಾಜರಿಗೂ ವೈಸರಾಯ್ ಮೇಯೊಗೂ ವ್ಯಾಪಾರದ ಒಪ್ಪಂದವಾಗಿ, ಚಾಂಗ್ ಚೆನ್ಮೊ ದಾರಿಯನ್ನು ಮುಕ್ತ ಹೆದ್ದಾರಿಯಾಗಿ ನಡೆಸಲು ಜಂಟಿ ಕಮಿಷನರುಗಳ ನೇಮಕವಾಯಿತು. ತಂಗುದಾಣ, ದವಸದ ದಾಸ್ತಾನು ಎಂದೆಲ್ಲ ಏರ್ಪಾಡುಗಳಾದವು. ಯಾರೂ ಆಳದ ನೆಲದಲ್ಲಿ ಹೀಗೆಲ್ಲ ಮಾಡುತ್ತಾರೆಯೇ?

ಸರಪಳಿಗುಂಟೆ

ತುಂಗಾತೀರ ಅವರೇ, ಶಾಹಿದುಲ್ಲಾದ ಠಾಣ್ಯ ನಿಜ. ಅದು ಕೆಲವೇ ವರ್ಷ ಇದ್ದು ತೆರವಾಯಿತು ಎಂಬುದೂ ನಿಜ. ಆದರೆ ಶಾಹಿದುಲ್ಲಾ ಇರುವುದು ಕಾರಕೋರಂ ದಾರಿಯಲ್ಲಿ, ಅಕ್ಸಾಯ್ ಚಿನ್ ಬಯಲಿನಲ್ಲಲ್ಲ. ಅದಿರುವ ಕಾರಕಾಶ್ ಕಣಿವೆಯಿಂದ ಪೂರ್ವಕ್ಕೆ ನೂರಾರು ಕಿಲೋಮೀಟರು ಗೆರೆಯನ್ನು ಒಯ್ಯಲು ಅದೊಂದು ಠಾಣ್ಯ ಎಷ್ಟರಮಟ್ಟಿಗೆ ಆಧಾರ? ನನ್ನ ತಕರಾರು ಅವನ ಪ್ರಾಮಾಣಿಕತೆಯ ಬಗ್ಗೆ ಅಲ್ಲ. ಗಡಿಯನ್ನು ಸರ್ವೆ ಮಾಡುವುದೆಂದರೆ ಎರಡೂ ಕಡೆಯವರು ಜೊತೆಗೆ ನಡೆದು, ಕಲ್ಲು ನೆಟ್ಟು, ಕಲ್ಲಿನಿಂದ ಕಲ್ಲಿಗೆ ಕೋನ ಮತ್ತು ದೂರ ಬರೆದು, ಕಾಗದಕ್ಕೆ ಇಬ್ಬರೂ ರುಜು ಹಾಕುವುದು. ನಮ್ಮ ಹಳ್ಳಿಯ ಬಾಂದು ಕಲ್ಲಿಗೂ ಇದೇ ಪದ್ಧತಿ. ಈ ಗೆರೆಗೆ ಇವುಗಳಲ್ಲಿ ಯಾವುದೂ ಆಗಿಲ್ಲ. ಶಿಖರಗಳು ಅಳತೆಯಿಂದ ಬಂದವು, ದಾರಿ ನಡಿಗೆಯಿಂದ ಬಂದಿತು. ಬಣ್ಣದ ಗೆರೆಯನ್ನು ಹಾಗೆ ಯಾರೂ ಅಳೆದಿಲ್ಲ.

ತುಂಗಾತೀರ

ಹಾಗೆ ನೋಡಿದರೆ ಆ ಭಾಗದಲ್ಲಿ ಎಳೆದ ಯಾವ ಗೆರೆಯೂ ಉಳಿಯುವುದಿಲ್ಲ, ಸರ್. 1846ರಲ್ಲೂ 1847ರಲ್ಲೂ ಬ್ರಿಟಿಷರು ಗಡಿ ಗುರುತಿಸಲು ಕಮಿಷನರುಗಳನ್ನು ಲಡಾಖಿಗೆ ಕಳಿಸಿದರು. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಹೆನ್ರಿ ಸ್ಟ್ರೇಚಿ, ಥಾಮಸ್ ಥಾಮ್ಸನ್ ಅಲ್ಲೆಲ್ಲ ತಿರುಗಿದರು. ಅತ್ತ ಕಡೆಯ ಪ್ರತಿನಿಧಿಗಳು ಬರಲೇ ಇಲ್ಲ. ಜಂಟಿ ಸರ್ವೆ ಆಗಲಿಲ್ಲವೆಂಬ ದೋಷವನ್ನು ಜಾನ್ಸನ್ನನ ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾರಕೋರಂ ಸಾಲಿನಾಚೆ ಲೇಹ್‌ನ ಮಾತು ನಡೆಯುತ್ತಿರಲಿಲ್ಲ ಎನ್ನುವವರು ಸಾಮಾನ್ಯವಾಗಿ 1892ರಲ್ಲಿ ಚೀನೀ ಅಧಿಕಾರಿಗಳು ಕಾರಕೋರಂ ಕಣಿವೆದಾರಿಯಲ್ಲಿ ನೆಟ್ಟ ಕಂಬವನ್ನು ತೋರಿಸುತ್ತಾರೆ. ಅದು ಜಾನ್ಸನ್ ಹೋಗಿ ಬಂದು ಇಪ್ಪತ್ತೇಳು ವರ್ಷಗಳ ನಂತರದ ಮಾತು. ನಡುವೆ 1877–78ರಲ್ಲಿ ಚೀನೀ ಸೇನೆ ಆ ಪ್ರಾಂತ್ಯವನ್ನು ಮತ್ತೆ ಗೆದ್ದುಕೊಂಡಿತ್ತು. ನಂತರದ ಕಂಬದಿಂದ ಹಿಂದಿನ ನಕ್ಷೆಯನ್ನು ಅಳೆಯಬಾರದು.

ಬೆಳವಲ

ನನ್ನದೊಂದು ಸಣ್ಣ ಅನುಮಾನ. ಜಾನ್ಸನ್ನನ ನಂತರ ಅಲ್ಲಿಗೆ ಹೋದವರು ಅವನ ಗೆರೆಯನ್ನು ಒಪ್ಪಿದರೆ, ತಿದ್ದಿದರೆ? ಅದು ತಿಳಿದರೆ ನಿಮ್ಮಿಬ್ಬರಲ್ಲಿ ಯಾರ ಮಾತು ಹೆಚ್ಚು ಗಟ್ಟಿ ಎಂದು ನಮ್ಮಂಥವರು ತೂಗಿ ನೋಡಬಹುದು.

ಶಿಲಾಸ್ತರ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಬಹಳ ಉಪಯುಕ್ತವಾದ ಸಾಕ್ಷ್ಯ ಕೊಟ್ಟವನು ಒಬ್ಬ ಭೂವಿಜ್ಞಾನಿ. ಫ್ರೆಡೆರಿಕ್ ಡ್ರೂ ಮಹಾರಾಜರ ಕೈಕೆಳಗೆ ಕೆಲಸ ಮಾಡಿದವನು, ಸ್ವಲ್ಪ ಕಾಲ ಲಡಾಖಿನ ಆಡಳಿತವನ್ನೂ ನೋಡಿಕೊಂಡವನು, ಈ ಬಯಲುಗಳನ್ನು ಕಣ್ಣಾರೆ ಕಂಡವನು. ಜಮ್ಮು ಮತ್ತು ಕಾಶ್ಮೀರ ಸೀಮೆಗಳ ಕುರಿತ ಅವನ ದೊಡ್ಡ ಗ್ರಂಥ ನಕ್ಷೆಗಳ ಸಮೇತ 1875ರಲ್ಲಿ ಪ್ರಕಟವಾಯಿತು. ಮಹಾರಾಜರ ಅನ್ನ ಉಂಡವನಾದರೂ ಈ ಮೂಲೆಯ ಗಡಿಯನ್ನು ಖಚಿತವೆಂದು ಅವನು ಹೇಳಲಿಲ್ಲ, ಇಲ್ಲಿಯ ಗೆರೆ ಅನಿಶ್ಚಿತ ಎಂದೇ ದಾಖಲಿಸಿದ. ಲಿಂಗ್ಜಿತಾಂಗಿಗೂ ಉತ್ತರದ ಬಯಲಿಗೂ ನಡುವೆ ಇರುವ ಲೋಕ್‌ಜುಂಗ್ ಸಾಲನ್ನು ಬೇರೆಯಾಗಿ ವಿವರಿಸಿದವನೂ ಅವನೇ. ಈ ಸಾಲನ್ನು ಲಕ್ತ್ಸಾಂಗ್ ಎಂದೂ ಬರೆಯುತ್ತಾರೆ. ನೆನಪಿಟ್ಟುಕೊಳ್ಳಿ, ಮುಂದೆ ಅದು ದೊಡ್ಡ ಪಾತ್ರ ವಹಿಸುತ್ತದೆ.

ನೆಲದ ಚಿತ್ರದ ಮಟ್ಟಿಗೆ 1868ರಲ್ಲಿ ಬ್ರಿಟಿಷ್ ಅನ್ವೇಷಕ ಜಾರ್ಜ್ ಹೇವರ್ಡ್ ಕಾರಕಾಶ್ ಮತ್ತು ಯಾರ್ಕಂದ್ ನದಿಗಳ ಮೇಲ್ಭಾಗವನ್ನು ಸುತ್ತಿ ಹೊಸದಾಗಿ ಬರೆದ. ಬ್ರಿಟಿಷ್ ಅಧಿಕಾರಿ ಫಾರ್ಸಿತ್ ಯಾರ್ಕಂದಿಗೆ ಒಯ್ದ ಎರಡನೆಯ ನಿಯೋಗದ ಜೊತೆ 1873–74ರಲ್ಲಿ ಹೋದ ಹೆನ್ರಿ ಟ್ರಾಟರ್ ಇನ್ನೂ ಬಿಗಿಯಾದ ಖಗೋಳ ವೀಕ್ಷಣೆಗಳನ್ನು ಮಾಡಿದ. ಆದ್ದರಿಂದ ಹತ್ತೇ ವರ್ಷಗಳೊಳಗೆ ಜಾನ್ಸನ್ನನ ಬಯಲು, ನದಿ, ಬೆಟ್ಟಗಳನ್ನು ಬೇರೆಯವರು ತಿದ್ದಿದ್ದರು. ಅವನ ಗಡಿಯ ಗೆರೆಗೆ ಆ ಭಾಗ್ಯ ಇರಲಿಲ್ಲ, ಏಕೆಂದರೆ ಉಪಕರಣ ಹಿಡಿದು ಹೋದವನು ಗೆರೆಯನ್ನು ನೆಲದಲ್ಲಿ ಹುಡುಕಿದರೆ ಸಿಗುವುದಿಲ್ಲ.

ತುಂಗಾತೀರ

ಡ್ರೂ ಹೇಳಿದ ಮಾತಿಗೆ ತೂಕವಿದೆ, ಒಪ್ಪುತ್ತೇನೆ. ಅನಿಶ್ಚಿತ ಎಂದರೆ ನಮ್ಮದಲ್ಲ ಎಂದರ್ಥವಲ್ಲ ಎಂಬುದನ್ನೂ ಜೊತೆಗೆ ಇಟ್ಟುಕೊಳ್ಳೋಣ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ರಷ್ಯಾದ ಭಯ ಏರಿದ್ದ 1897ರಲ್ಲಿ ಲಂಡನ್ನಿನ ಸೇನಾ ಗುಪ್ತವಾರ್ತೆಯ ಮುಖ್ಯಸ್ಥ ಸರ್ ಜಾನ್ ಆರ್ಡಾ ಗಡಿ ಕುನ್ಲುನ್‌ನ ಏಣಿನ ಮೇಲಿರಬೇಕೆಂದು ಬರೆದ. ಅದು ಹೆಚ್ಚುಕಡಿಮೆ ಜಾನ್ಸನ್ನನ ಗೆರೆಯೇ. ಭಾರತದಲ್ಲಿದ್ದ ಸರ್ಕಾರ ಅಷ್ಟು ದೂರದ ಹೊರೆ ಬೇಡವೆಂದಿತು. 1899ರ ಮಾರ್ಚ್ 14ರಂದು ಪೀಕಿಂಗಿನ ಬ್ರಿಟಿಷ್ ರಾಯಭಾರಿ ಸರ್ ಕ್ಲಾಡ್ ಮ್ಯಾಕ್‌ಡೊನಾಲ್ಡ್ ಚೀನೀ ಸರ್ಕಾರಕ್ಕೆ ಬೇರೊಂದು ಗೆರೆಯನ್ನು ಸೂಚಿಸಿ ಪತ್ರ ಕೊಟ್ಟ. ಶಿಲಾಸ್ತರ ಅವರು ನೆನಪಿಡಿ ಎಂದ ಲಕ್ತ್ಸಾಂಗ್ ಸಾಲು ಬರುವುದು ಇಲ್ಲಿ. ಆ ಪತ್ರದ ಪ್ರಕಾರ ಸಾಲಿನ ದಕ್ಷಿಣದ ಲಿಂಗ್ಜಿತಾಂಗ್ ಈ ಕಡೆಗೆ, ಉತ್ತರದ ಅಕ್ಸಾಯ್ ಚಿನ್ ಆ ಕಡೆಗೆ. ಪೀಕಿಂಗ್ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ, ಹೀಗಾಗಿ ಅದು ಒಪ್ಪಂದವಾಗಲಿಲ್ಲ. ಸ್ವತಂತ್ರ ಭಾರತದ 1950ರ ನಕ್ಷೆಯಲ್ಲಿ ಈ ಭಾಗದ ಗಡಿಯನ್ನು ಅನಿರ್ದಿಷ್ಟ ಎಂದು ನಮೂದಿಸಿ, 1954ರ ನಕ್ಷೆಯಲ್ಲಿ ನಿರ್ದಿಷ್ಟ ಗೆರೆಯಾಗಿ ತೋರಿಸಲಾಯಿತು.

ಇಷ್ಟರಲ್ಲಿ ಯಾವ ಹಂತದಲ್ಲೂ ಹೊಸ ಅಳತೆಯಿಂದ ಗೆರೆ ಬದಲಾಗಲಿಲ್ಲ ಎಂಬ ಸರಪಳಿಗುಂಟೆಯವರ ಅಭಿಪ್ರಾಯವನ್ನು ನಾನು ಈಗ ಪೂರ್ತಿ ಅಲ್ಲಗಳೆಯಲಾರೆ. ಆದರೂ ಜಾನ್ಸನ್ನನ ಗೆರೆ ಬರಿಯ ಕಲ್ಪನೆಯಲ್ಲ, ಆ ವರ್ಷದ ರಾಜಕೀಯದ ಒಂದು ದಾಖಲೆ ಎಂಬ ನನ್ನ ಮಾತಿಗೆ ನಿಲ್ಲುತ್ತೇನೆ.

ಸರಪಳಿಗುಂಟೆ

ದಾಖಲೆ ಎಂಬ ಮಾತಿಗೆ ನನ್ನ ಅಭ್ಯಂತರವೇನಿಲ್ಲ. ಆ ಬಯಲಿನಲ್ಲಿ ಖೋತಾನಿನ ಖಾನನ ಕೈಯೂ ಆಡಿತ್ತು ಎಂಬುದನ್ನು ಮಾತ್ರ ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಹಾಜಿ ಲಂಗರ್ ಎಂದು ನಕ್ಷೆಗಳಲ್ಲಿ ಬರುವ ಕಲ್ಲಿನ ತಂಗುಮನೆಯನ್ನು ಕಟ್ಟಿಸಿದವನು ಅದೇ ಹಾಜಿ ಹಬೀಬುಲ್ಲಾ. ತಂಗುದಾಣ ಕಟ್ಟಿದವರದೇ ನೆಲ ಎನ್ನುವುದಾದರೆ ಆ ಒಂದು ಮನೆ ನಿಮ್ಮ ವಾದಕ್ಕೆ ಎದುರಾಗಿ ನಿಲ್ಲುತ್ತದೆ.

ಹಳೆಹಾಳೆ

ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ. ಎಲ್ಲವನ್ನೂ ಓದಿ ಫಲಕವನ್ನು ಹೀಗೆ ಮಾಡಬೇಕೆಂದುಕೊಂಡಿದ್ದೇನೆ. ಮೂಲ ನಕ್ಷೆಯನ್ನು 1860ರ ದಶಕದ ದಾಖಲೆಯೆಂದು ಹೇಳಿ, ಏನೂ ತಿದ್ದದೆ ಇದ್ದಂತೆಯೇ ಅಚ್ಚು ಹಾಕಿಸುವುದು. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ, ಕೋನ ಅಳೆದು ನಿಲ್ಲಿಸಿದ ಶಿಖರಗಳಿಗೆ ಒಂದು ಗುರುತು, ಜಾನ್ಸನ್ ನಡೆದ ದಾರಿಯ ಎರಡೂ ಮಗ್ಗುಲಿನ ಪಟ್ಟಿಗೆ ಒಂದು ಛಾಯೆ, ಉಳಿದದ್ದನ್ನು ಖಾಲಿ ಬಿಡುವುದು. ಗಡಿಯನ್ನು ನಾನು ಎಳೆಯುವುದಿಲ್ಲ. ನಿರ್ವಾಹಕರು ಹೇಳಿದ ಕಾಯ್ದೆಯ ಕಾರಣಕ್ಕೆ ಪಕ್ಕದಲ್ಲಿ ಸರ್ವೆ ಆಫ್ ಇಂಡಿಯಾದ ಇಂದಿನ ನಕ್ಷೆಯನ್ನು ಬೇರೆಯಾಗಿ ತೂಗುಹಾಕುತ್ತೇನೆ. ಮದರಾಸಿನ ಎರಡೂವರೆ ನಿಮಿಷದ ಕಥೆಗೆ ಒಂದು ಸಣ್ಣ ಚಿತ್ರ ಬರೆಸುತ್ತಿದ್ದೇನೆ, ವಿದ್ಯಾರ್ಥಿಗಳು ಬೇರೆಲ್ಲದಕ್ಕಿಂತ ಅದನ್ನೇ ಹೆಚ್ಚು ನೋಡುತ್ತಾರೆಂದು ನನ್ನ ನಂಬಿಕೆ.

ಕೊನೆಯದಾಗಿ ಒಂದು ಪ್ರಶ್ನೆ ಉಳಿದಿದೆ. ಕುನ್ಲುನ್‌ನ ಇ61 ಎಂಬ ಶಿಖರವನ್ನು ತಾನು ಏರಿದ್ದಾಗಿ ಜಾನ್ಸನ್ ವರದಿ ಮಾಡಿದ್ದಾನೆ, ಅದರ ಎತ್ತರ 23,890 ಅಡಿ. ಅದನ್ನು ಫಲಕದಲ್ಲಿ ಹೇಗೆ ಬರೆಯಲಿ?

ಸರಪಳಿಗುಂಟೆ

ಎರಡು ಸಂಗತಿಗಳನ್ನು ಬಿಡಿಸಿ ಬರೆಯಿರಿ. ಇ61 ಎಂಬುದು ದೂರದ ಠಾಣೆಗಳಿಂದ ಕೋನ ಅಳೆದು ಲೆಕ್ಕಕ್ಕೆ ತೆಗೆದುಕೊಂಡ ಶಿಖರ, ಎತ್ತರದ ಅಂಕಿ ಆ ಶಿಖರದ್ದು. ತಾನು ನಿಂತದ್ದು ಅದರ ಮೇಲೆಯೇ ಎಂಬುದು ಜಾನ್ಸನ್ನನ ಹೇಳಿಕೆ. ಅದು ನಿಜವಾಗಿದ್ದರೆ ಆ ಕಾಲಕ್ಕೆ ಮನುಷ್ಯ ಏರಿದ ಅತಿ ಎತ್ತರದ ಜಾಗವಾಗುತ್ತಿತ್ತು. ಮುಂದೆ ಸರ್ವೆ ಆಫ್ ಇಂಡಿಯಾದ ಕೆನೆತ್ ಮೇಸನ್ ಪರಿಶೀಲಿಸಿ, ಅವನು ಏರಿದ್ದು ಹತ್ತಿರದ ಬೇರೊಂದು ತಗ್ಗಿನ ಶಿಖರವೆಂಬ ನಿರ್ಣಯಕ್ಕೆ ಬಂದ. ಮೋಸವೆಂದು ನಾನಂತೂ ಹೇಳುವುದಿಲ್ಲ. ನೂರಾರು ಕಿಲೋಮೀಟರು ದಕ್ಷಿಣದಿಂದ ನೋಡಿ ಗುರುತಿಟ್ಟ ಶಿಖರ ಬುಡಕ್ಕೆ ಹೋದಾಗ ಬೇರೆಯೇ ಆಕಾರದಲ್ಲಿ ಕಾಣುತ್ತದೆ, ಸಾಲಿನಲ್ಲಿ ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ.

ನಿಮ್ಮ ಹಾಳೆಯಲ್ಲಿ ಇ57, ಇ58 ಕೂಡ ಗುರುತಾಗಿದ್ದರೆ ಆ ಮೂರನ್ನೂ ಈಗಿನ ಚಿತ್ರದ ಮೇಲಿಟ್ಟು, ಒಂದರಿಂದ ಒಂದಕ್ಕೆ ಇರುವ ದೂರವನ್ನು ಮಾತ್ರ ಹೋಲಿಸಿ ನೋಡಿ. ಮದರಾಸಿನ ತಪ್ಪು ಅದರಲ್ಲಿ ಬರುವುದಿಲ್ಲ. ಆ ದೂರಗಳು ಕೂಡಿಬಂದರೆ ಕುನ್ಲುನ್‌ನ ಶಿಖರಗಳನ್ನೂ ನಿಮ್ಮ ಪಾರದರ್ಶಕ ಹಾಳೆಯಲ್ಲಿ ಗಟ್ಟಿ ಗುರುತಿನವರ ಸಾಲಿಗೆ ಸೇರಿಸಬಹುದು, ಬರದಿದ್ದರೆ ಪೆನ್ಸಿಲ್ಲಿನಲ್ಲೇ ಇರಲಿ.